ಬೆಟ್ಟಕ್ಕೆ ಹೋದ ಇಪ್ಪತ್ತು ಮಂಡಿಗಳು

ಮಾರ್ಚ್ 3, ಸೋಮವಾರ

ಅಕ್ಕನ ಮಗಳು ಪುಟ್ಟಿಯ ಕಂಪನಿಗೆ ಹೋಗಲು ಶುರುಮಾಡಿ ಇವತ್ತಿಗೆ ಒಂದು ವಾರ. ಕಂಪನಿ ಎನ್ನುವುದು ಅವಳ ಮಾತು. ನಾನು ಕಂಡದ್ದು ಮುಚ್ಚಿಹೋದ ಬೇಕರಿಯೊಂದರ ಹಿಂಭಾಗ, ಎರಡು ಯಂತ್ರ, ಒಂದು ಉದ್ದನೆಯ ಮೇಜು, ಮೂರು ಜನ. ಟೆಲಿಫೋನ್ ಎಕ್ಸ್‌ಚೇಂಜಿನ ಆ ದೊಡ್ಡ ಹಾಲಿನಲ್ಲಿ ಮೂವತ್ತೊಂದು ವರ್ಷ ಕರೆ ಜೋಡಿಸುತ್ತಾ ಕೂತು ಎದ್ದವಳಿಗೆ ಇದು ಮಕ್ಕಳ ಮನೆಯಾಟದ ಹಾಗೆ ಕಾಣುತ್ತದೆ. ಆದರೂ ಎಕ್ಸ್‌ಚೇಂಜ್ ಬಾಗಿಲು ಹಾಕಿದ ಮೇಲೆ ನಾಲ್ಕು ತಿಂಗಳು ಮನೆಯಲ್ಲಿ ಕೂತು ರೋಸಿಹೋಗಿದ್ದೆ. "ಗೋಡೆ ಜೊತೆ ಮಾತಾಡ್ತಾ ಕೂರೋ ಬದಲು ನನ್ನ ಮಗಳ ಫೋನಾದ್ರೂ ಎತ್ತು ಹೋಗು" ಎಂದು ಅಕ್ಕ ಹೊರಗೆ ದಬ್ಬಿದಳು. ತಿಂಗಳ ಕೊನೆವರೆಗೆ ಹೋಗುತ್ತೇನೆ. ಆಮೇಲೆ ಏನಾದರೂ ನೆವ ಹೇಳಿದರಾಯಿತು.

ಅವರು ಮಾಡುವುದು ಮಂಡಿ. ತೊಡೆಯಿಂದ ಕೆಳಗೆ ಕಾಲು ಕಳೆದುಕೊಂಡವರಿಗೆ ಹಾಕುವ ಕೃತಕ ಕಾಲಿನಲ್ಲಿ ನಡುವೆ ಮಡಚಿಕೊಳ್ಳುವ ಭಾಗ. ಅಂಗೈ ಮೇಲೆ ಕೂರುವಷ್ಟಿದೆ. ಒಳಗೊಂದು ಸಣ್ಣ ಕೊಳವೆ, ಅದರಲ್ಲಿ ಎಣ್ಣೆ. ಎಣ್ಣೆ ಅತ್ತಿಂದಿತ್ತ ಹರಿಯುವುದಕ್ಕೆ ಸಮಯ ಹಿಡಿಯುತ್ತದಲ್ಲ, ಅದರಿಂದಾಗಿ ಕಾಲು ದಢಕ್ಕನೆ ಕುಸಿಯದೆ ಮೆಲ್ಲಗೆ ಮಡಚುತ್ತದೆ. ಪುಟ್ಟಿ ಲೆಕ್ಕ ಹಾಕಿ ಚಿತ್ರ ಬರೆಯುತ್ತಾಳೆ. ಮೇಸ್ತ್ರಿ ಲೇತಿನ ಮೇಲೆ ಕಡೆಯುತ್ತಾರೆ. ಓಟಗಾರ ಹಾಕಿಕೊಂಡು ನಡೆದು ನೋಡುತ್ತಾನೆ. ಓಟಗಾರ ಎನ್ನುವುದು ಅವನು ತನಗೆ ತಾನೇ ಇಟ್ಟುಕೊಂಡ ಹೆಸರು. ಗೋದಾಮಿನಲ್ಲಿ ಪೆಟ್ಟಿಗೆ ಉರುಳಿ ಬಲಗಾಲು ಹೋಯಿತಂತೆ. "ಕಾಲಿದ್ದಾಗ ಬಸ್ ಹಿಡಿಯೋಕೂ ಓಡಿದವನಲ್ಲ ನಾನು. ಈಗ ದಿನಾ ಆರು ಕಿಲೋಮೀಟರ್ ನಡೆಸ್ತಾಳೆ ನಿಮ್ಮ ಹುಡುಗಿ" ಎಂದು ನಗುತ್ತಾನೆ.

ಇಲ್ಲಿಯ ಆಸ್ಪತ್ರೆಗಳಲ್ಲಿ ಮಂಡಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತಾರಂತೆ, ಕಂಪನಿ ಶುರುವಾಗಿ ಎಷ್ಟು ವರ್ಷವಾಯಿತು ಎಂದು. ಒಂದೂವರೆ ಎಂದರೆ ಫೈಲು ಮುಚ್ಚುತ್ತಾರೆ. ಐದು ವರ್ಷ ಆಗಲಿ, ಬನ್ನಿ. ಐದು ವರ್ಷ ಏನು ಮಾಡುತ್ತಾ ಕೂರಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಇವತ್ತು ಒಂದು ಪತ್ರ ಬಂದಿದೆ. ಭೂಮಿಯ ಆ ಬದಿಯಲ್ಲಿರುವ ಬೆಟ್ಟದ ದೇಶವೊಂದರ ಸಣ್ಣ ಚಿಕಿತ್ಸಾಲಯದ ನರ್ಸ್ ಬರೆದದ್ದು. ಓಟಗಾರ ನಡೆಯುವ ವಿಡಿಯೋವನ್ನು ಎಲ್ಲೋ ನೋಡಿದಳಂತೆ. ಇಪ್ಪತ್ತು ಮಂಡಿ ಬೇಕಂತೆ.

"ಪಕ್ಕದ ಬೀದಿಯವರಿಗೇ ನಾವು ಯಾರು ಅಂತ ಗೊತ್ತಿಲ್ಲ, ಭೂಮಿ ಆಚೆ ಕಡೆಗೆ ಹೊರಟ್ರಂತೆ" ಎಂದು ಮೇಸ್ತ್ರಿ ಗೊಣಗಿದರು.

"ಇಲ್ಲಿ ಬೇಡ ಅಂತಾರೆ, ಅಲ್ಲಿ ಬೇಕು ಅಂತಾರೆ. ಇದ್ರಲ್ಲಿ ಯೋಚನೆ ಮಾಡೋದೇನಿದೆ?" ಎಂದಳು ಪುಟ್ಟಿ.

ಸಂಜೆ ಮನೆಯಲ್ಲಿ ನಕಾಶೆ ಹರಡಿ ಹುಡುಕಿದೆ. ಹೆಬ್ಬೆರಳು ಇಟ್ಟರೆ ಆ ದೇಶವೇ ಮುಚ್ಚಿಹೋಗುತ್ತದೆ.

ಮಾರ್ಚ್ 6, ಗುರುವಾರ

ನರ್ಸ್ ಜೊತೆ ಮೊದಲ ಸಲ ಫೋನು. ಇಬ್ಬರಿಗೂ ಸ್ವಂತದ್ದಲ್ಲದ ಒಂದು ಭಾಷೆಯಲ್ಲಿ ಪುಟ್ಟಿಯೇ ಮಾತಾಡಿದಳು, ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಮಾತಿನ ಹಿಂದೆ ಗಾಳಿಯ ಸದ್ದು. ಎಂಥ ಗಾಳಿ! ಇಡೀ ಬೆಟ್ಟ ಉಸಿರಾಡಿದ ಹಾಗೆ. ಹತ್ತು ನಿಮಿಷದಲ್ಲಿ ಪುಟ್ಟಿ ಫೋನಿಟ್ಟು, "ಎಲ್ಲದಕ್ಕೂ ಹೌದು ಅಂದಳು, ಆಯ್ತು" ಎಂದು ಎದ್ದಳು.

"ಅವಳು ಒಪ್ಪಿಲ್ಲ ಕಣೇ" ಎಂದೆ.

"ಹೌದು ಹೌದು ಅಂದಳಲ್ಲ ಚಿಕ್ಕಮ್ಮ?"

"ಅದು ಕೇಳಿಸ್ತಿದೆ ಅನ್ನೋ ಹೌದು. ಒಪ್ಪಿದ ಹೌದು ಬೇರೆ ಥರ ಇರುತ್ತೆ."

ಪುಟ್ಟಿ ನನ್ನ ಮುಖ ನೋಡಿ, ಫೋನನ್ನು ನನ್ನ ಕಡೆಗೇ ತಳ್ಳಿದಳು. ಜಗತ್ತಿನ ದೊರೆಗಳನ್ನೂ ದಲ್ಲಾಳಿಗಳನ್ನೂ ಒಬ್ಬರಿಗೊಬ್ಬರು ಜೋಡಿಸಿಕೊಟ್ಟಿದ್ದೇನೆ, ಆದರೆ ಜೋಡಿಸಿದ ಮೇಲೆ ನನ್ನ ಕೆಲಸ ಮುಗಿಯುತ್ತಿತ್ತು. ಏನು ಕೇಳಬೇಕೆಂದು ತೋಚದೆ, "ನಿಮಗೆ ಏನೋ ಹೇಳೋದಿತ್ತು ಅನ್ನಿಸ್ತು" ಎಂದೆ. ಆ ಕಡೆ ತುಂಬ ಹೊತ್ತು ಬರೀ ಗಾಳಿ. ಆಮೇಲೆ ಅವಳು ಹೇಳಿದಳು: ನಿಮ್ಮ ವಿಡಿಯೋದಲ್ಲಿ ಅವರು ಸಮತಟ್ಟಾದ ನೆಲದ ಮೇಲೆ ನಡೆಯುತ್ತಾರೆ. ನಮ್ಮಲ್ಲಿ ಅಂಥ ನೆಲ ಇಲ್ಲ.

ಮಧ್ಯಾಹ್ನದಿಂದ ಓಟಗಾರ ನೀರಿನ ಟ್ಯಾಂಕಿನ ದಿಬ್ಬ ಹತ್ತಿ ಇಳಿಯುತ್ತಿದ್ದಾನೆ. ನನ್ನ ಕಡೆ ನೋಡಿ ಹಲ್ಲು ಕಡಿಯುತ್ತಾನೆ.

ಮಾರ್ಚ್ 19, ಬುಧವಾರ

ಸರಕು ಕಳಿಸುವ ಕಚೇರಿಯಲ್ಲಿ ಅರ್ಧ ದಿನ ಹೋಯಿತು. ಗುಮಾಸ್ತ ಅರ್ಜಿಯನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಕೇಳಿದ: "ಇದು ಯಂತ್ರದ ಭಾಗಾನೋ, ದೇಹದ ಭಾಗಾನೋ? ಎರಡಕ್ಕೂ ಬೇರೆ ಬೇರೆ ಅರ್ಜಿ."

"ಇಲ್ಲಿಂದ ಹೊರಡುವಾಗ ಯಂತ್ರದ್ದು, ಅಲ್ಲಿ ಹೋದ ಮೇಲೆ ದೇಹದ್ದು" ಎಂದೆ.

ಅವನು ನಗಲಿಲ್ಲ. ಒಳಗೆ ಹೋಗಿ ಮೇಲಿನವರನ್ನು ಕೇಳಿಕೊಂಡು ಬಂದ. ಅವರೂ ನಕ್ಕಿರಲಿಕ್ಕಿಲ್ಲ. ಕೊನೆಗೆ ಎರಡೂ ಅರ್ಜಿ ತುಂಬಿಸಿಕೊಂಡರು. ಪೆಟ್ಟಿಗೆಗೆ ಮುದ್ರೆ ಒತ್ತುವಾಗ ಗುಮಾಸ್ತ ಸುಮ್ಮನೆ ಒಂದು ಮಂಡಿಯನ್ನು ಎತ್ತಿ, ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದ. "ಎಷ್ಟು ಮೆತ್ತಗಿದೆ!" ಎಂದು ತನಗೇ ಹೇಳಿಕೊಂಡ.

ಏಪ್ರಿಲ್ 8, ಮಂಗಳವಾರ

ತಲುಪಿದೆ. ಇಪ್ಪತ್ತೂ ತಲುಪಿವೆ.

ಏಪ್ರಿಲ್ 15, ಮಂಗಳವಾರ

ನರ್ಸ್ ವಿಡಿಯೋ ಕಳಿಸಿದ್ದಾಳೆ. ಯಂತ್ರ ನಿಲ್ಲಿಸಿ ನಾಲ್ವರೂ ಪುಟ್ಟಿಯ ಮೇಜಿನ ಸುತ್ತ ನಿಂತೆವು. ಕಲ್ಲಿನ ದಾರಿ, ಅದರ ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಇನ್ನೂ ದೊಡ್ಡ ಬೆಟ್ಟ, ಅದರ ಮೇಲೆ ಹಿಮ. ಒಬ್ಬ ಹೆಂಗಸು ದಪ್ಪ ಕೋಟು ಹಾಕಿಕೊಂಡು ಹೆಗಲಿಗೆ ಖಾಲಿ ಚೀಲ ತೂಗಿಸಿಕೊಂಡು ನಿಂತಿದ್ದಾಳೆ. ಮುಖ ಸಿಡುಕಿನದು. ಅವಳು ಅಲ್ಲಿಯ ಅಂಚೆಯವಳಂತೆ. ಮೂರು ವರ್ಷದ ಹಿಂದೆ ಕಲ್ಲು ಉರುಳಿ ಕಾಲು ಹೋಗಿದೆ. ಅವಳು ಒಂದು ಹೆಜ್ಜೆ ಇಟ್ಟಳು. ನಿಂತಳು. ಕೆಳಗೆ ನೋಡಿಕೊಂಡಳು. ಆಮೇಲೆ ನಡೆಯುತ್ತಾ ನಡೆಯುತ್ತಾ ಚಿತ್ರದಿಂದ ಆಚೆಗೇ ಹೊರಟುಹೋದಳು. ವಿಡಿಯೋ ತೆಗೆಯುತ್ತಿದ್ದ ನರ್ಸ್ ಕೂಗುವುದು ಕೇಳಿಸುತ್ತದೆ. ಅವಳು ತಿರುಗಿ ಬರಲೇ ಇಲ್ಲ. ಉಳಿದ ಅರ್ಧ ನಿಮಿಷ ಬರೀ ಬೆಟ್ಟ.

ಮೇಸ್ತ್ರಿ ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಯಾರದೋ ಕೈ ಎನ್ನುವ ಹಾಗೆ. ಆಮೇಲೆ, "ಇನ್ನೊಂದ್ಸಲ ಹಾಕು" ಎಂದರು. ಏಳು ಸಲ ನೋಡಿದೆವು.

ಮೇ 6, ಮಂಗಳವಾರ

ಅಂಚೆಯವಳು ಬಿದ್ದಿದ್ದಾಳೆ. ಭುಜದ ಮೂಳೆ ಮುರಿದಿದೆ.

ಇಲ್ಲಿ ಬಿಸಿಲು ಏರುತ್ತಿರುವಾಗ ಅಲ್ಲಿ ಚಳಿಗಾಲ ಇಳಿಯುತ್ತಿದೆ. ಅದು ಪುಸ್ತಕದಲ್ಲಿ ಓದಿದ ವಿಷಯ, ಎಲ್ಲರಿಗೂ ಗೊತ್ತು, ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ ಮಂಡಿ ಮಡಚುವುದಿಲ್ಲ. ಅವಳು ಮೆಟ್ಟಿಲಿಳಿಯುವಾಗ ಕಾಲು ಕೋಲಿನ ಹಾಗೆ ಸೆಟೆದು ನಿಂತಿದೆ.

ನರ್ಸ್ ಇದನ್ನೆಲ್ಲ ಏರುದನಿಯಿಲ್ಲದೆ ಹೇಳಿದಳು. ಕೂಗಾಡಿದ್ದರೆ ಚೆನ್ನಾಗಿತ್ತು.

ಪುಟ್ಟಿ ಆರು ತಿಂಗಳ ಬಸುರಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕುಸಿದಳು. "ಎಲ್ಲಾ ವಾಪಸ್ ತಗೊಂಡ್ಬಿಡಿ ಅಂತ ಹೇಳು ಚಿಕ್ಕಮ್ಮ. ನಾನು ಅವಸರ ಮಾಡಿದೆ. ದೊಡ್ಡ ಕಂಪನಿ ಆಗಿದ್ರೆ ಎರಡು ವರ್ಷ ಪರೀಕ್ಷೆ ಮಾಡಿ ಆಮೇಲೆ ಕಳಿಸ್ತಿದ್ರು."

"ದೊಡ್ಡ ಕಂಪನಿ ಆಗಿದ್ರೆ ಆ ಬೆಟ್ಟಕ್ಕೆ ಕಳಿಸ್ತಾನೇ ಇರ್ಲಿಲ್ಲ" ಎಂದರು ಮೇಸ್ತ್ರಿ. ಬೇರೆ ದಿನವಾಗಿದ್ದರೆ ಅವರೇ ಮೊದಲು ಬೈಯುತ್ತಿದ್ದರು.

ಮೇ 7, ಬುಧವಾರ

ವಾಪಸ್ ಕೇಳಲು ಫೋನು ಮಾಡಿದೆ. ನರ್ಸ್ ಹೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

"ನಿನ್ನೆಯೇ ಎಲ್ಲರಿಗೂ ಹೇಳಿದೆ, ತಂದು ಕೊಡಿ ಅಂತ. ಒಬ್ಬರೂ ಕೊಡ್ತಿಲ್ಲ. ಅವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಮಲಗುವಾಗ ಮಂಡಿಯನ್ನ ಕಂಬಳಿ ಒಳಗೆ ಮಗ್ಗುಲಲ್ಲೇ ಇಟ್ಕೊಳ್ತಾರೆ. ಮೈಯ ಕಾವಿಗೆ ಎಣ್ಣೆ ಬೆಚ್ಚಗಿರುತ್ತೆ. ಬೆಳಿಗ್ಗೆ ನಡೆಯುತ್ತೆ."

"ಅಂಚೆಯವಳು?" ಎಂದೆ.

"ಅವಳದ್ದು ನನ್ನ ಹತ್ತಿರ ಇದೆ. ಆಸ್ಪತ್ರೆಗೆ ತಂದಾಗ ಕಿತ್ಕೊಂಡೆ. ದಿನಾ ಕೇಳ್ತಾಳೆ."

ಹೆಸರು ಗೊತ್ತಿಲ್ಲದ ಬೆಟ್ಟದ ಹತ್ತೊಂಬತ್ತು ಮನೆಗಳಲ್ಲಿ, ಈ ಮೇಜಿನ ಮೇಲೆ ನಾನೇ ಹತ್ತಿ ಸುತ್ತಿ ಪೆಟ್ಟಿಗೆಗೆ ಹಾಕಿದ ಮಂಡಿಗಳನ್ನು ಹಸುಗೂಸಿನ ಹಾಗೆ ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಾರೆ. ನಾವು ಮಾಡಿದ ತಪ್ಪನ್ನು ಮೈಯಿಂದ ಬೆಚ್ಚಗೆ ಮಾಡಿ ನಡೆಸುತ್ತಿದ್ದಾರೆ. ಯಾರು ಇವರು? ನಮ್ಮ ಮುಖ ಕಂಡವರಲ್ಲ.

ಪುಟ್ಟಿಗೆ ಹೇಳಿದೆ. ಅವಳು ಎದ್ದು ಮುಖ ತೊಳೆದುಕೊಂಡು ಬಂದಳು. "ಚಳಿ ಎಲ್ಲಿ ಸಿಗುತ್ತೆ ಈ ಊರಲ್ಲಿ?" ಎಂದಳು.

ಮೇ 16, ಶುಕ್ರವಾರ

ಚಳಿ ಆಲೂಗಡ್ಡೆಯ ಶೀತಲಗೃಹದಲ್ಲಿ ಸಿಗುತ್ತದೆ. ಅದರ ಒಳಗೆ ನೀರು ಮಂಜುಗಡ್ಡೆಯಾಗುವ ಹೆಪ್ಪುಕೋಣೆಯೊಂದೂ ಇದೆ. ಮಾಲೀಕನನ್ನು ನಾನೇ ಒಪ್ಪಿಸಿದೆ. "ಮೂಟೆ ಇಡೋಕೆ ಜಾಗ ಬೇಕಾ?" ಎಂದ. "ಜಾಗ ಬೇಡ, ಒಬ್ಬರು ನಡೆದಾಡಬೇಕು" ಎಂದೆ. ಅವನು ನನ್ನನ್ನು ಒಂದು ಥರ ನೋಡಿದ.

ಐದು ದಿನದಿಂದ ಓಟಗಾರ ಎರಡು ಕೋಟು ಹಾಕಿಕೊಂಡು ಆ ಹೆಪ್ಪುಕೋಣೆಯಲ್ಲಿ ನಡೆಯುತ್ತಿದ್ದಾನೆ. ಮೂರು ಬಗೆಯ ಎಣ್ಣೆ ಹಾಕಿ ನೋಡಿದೆವು. ತೆಳ್ಳಗಿನದು ಸೋರುತ್ತದೆ, ದಪ್ಪದ್ದು ಸೆಟೆಯುತ್ತದೆ. ಇವತ್ತು ನಲವತ್ತನೇ ನಿಮಿಷಕ್ಕೆ ಅವನ ಕಾಲು ಬಾಗಿಲ ಹತ್ತಿರವೇ ನಿಂತುಹೋಯಿತು. "ಮೇಸ್ತ್ರಿ, ನನ್ನನ್ನೂ ಇಲ್ಲೇ ಮೂಟೆ ಕಟ್ಟಿ ಇಟ್ಬಿಡಿ, ಬೆಲೆ ಬಂದಾಗ ಮಾರಿದ್ರಾಯ್ತು" ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. ಮೇಸ್ತ್ರಿ ಆ ಮಂಡಿಯನ್ನು ಬಿಚ್ಚಿ ತಮ್ಮ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡರು. ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆಂದು ನೋಡಲು ಎಂದರು. ಅರ್ಧ ಗಂಟೆ ಹಾಗೆಯೇ ಕೂತಿದ್ದರು. ಅವರ ತುಟಿ ನೀಲಿಯಾಗಿತ್ತು.

ಮೇ 17, ಶನಿವಾರ

ಸಿಕ್ಕಿತು!

ಮೇಸ್ತ್ರಿ ಮನೆಗೆ ಹೊರಟವರು ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ನಡುವೆ ನಿಲ್ಲಿಸಿ, ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿ ತಳ್ಳಿದರು. ಹಿಡಿ ಮೆಲ್ಲಗೆ ಇಳಿಯಿತು. ಬಿಟ್ಟರು, ಮೆಲ್ಲಗೆ ಏರಿತು. ಮತ್ತೆ ತಳ್ಳಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ, ತಲೆ ಕೆಟ್ಟಿತೇನೋ ಎಂದುಕೊಂಡೆ. ಅವರು ಪಂಪನ್ನು ಹಿಡಿದುಕೊಂಡೇ ಒಳಗೆ ಬಂದು ಪುಟ್ಟಿಯ ಮುಂದೆ ನಿಂತರು.

"ಗಾಳಿ ಹೆಪ್ಪುಗಟ್ಟಿದ್ದು ಎಲ್ಲಾದ್ರೂ ಕೇಳಿದ್ದೀಯೇನಮ್ಮ?"

ಪುಟ್ಟಿ ಸೀಮೆಸುಣ್ಣ ತೆಗೆದುಕೊಂಡು, ಬಗ್ಗಲಾಗದ್ದರಿಂದ ನೆಲದ ಮೇಲೇ ಕಾಲು ಚಾಚಿ ಕೂತು, ಸುತ್ತ ಕೈ ಎಟುಕುವಷ್ಟು ದೂರ ಚಿತ್ರ ಬರೆದಳು. ಕೊಳವೆ ದೊಡ್ಡದಾಗಬೇಕು, ಒಳಗೆ ಎಣ್ಣೆಯ ಬದಲು ಗಾಳಿ. ಇಷ್ಟು ದಿನ ಮಾಡಿದ ಅಚ್ಚು, ಅಳತೆ ಎಲ್ಲವೂ ವ್ಯರ್ಥ. ನಾನು ಅದನ್ನೇ ಹೇಳಿದೆ.

"ಇಪ್ಪತ್ತು ವರ್ಷದ ಕಂಪನಿ ಆಗಿದ್ರೆ ಬಿಡೋಕೆ ಹೊಟ್ಟೆ ಉರೀತಿತ್ತು ಚಿಕ್ಕಮ್ಮ. ನಮ್ಮ ಹತ್ರ ಬಿಡೋಕೆ ಇರೋದಾದ್ರೂ ಏನು?" ಎಂದು ನಕ್ಕಳು. ಹತ್ತು ದಿನದ ಮೇಲೆ ಅವಳು ನಕ್ಕದ್ದು.

ಜೂನ್ 5, ಗುರುವಾರ

ಗಾಳಿಯ ಮಂಡಿ ಹೆಪ್ಪುಕೋಣೆಯಲ್ಲಿ ಒಂಬತ್ತು ದಿನ ನಡೆದಿದೆ. ಓಟಗಾರನಿಗೆ ನೆಗಡಿ ಹಿಡಿದಿದೆ, ಮಂಡಿಗೆ ಏನೂ ಆಗಿಲ್ಲ.

ಈ ಸಲ ಪೆಟ್ಟಿಗೆ ಮಾತ್ರ ಕಳಿಸುವುದು ಸರಿಯಲ್ಲ ಎಂದೆ. ಅಲ್ಲಿಗೇ ಹೋಗಬೇಕು, ಬಿದ್ದವಳ ಮುಖ ನೋಡಬೇಕು. ಪುಟ್ಟಿಗೆ ಏಳು ತಿಂಗಳು, ವೈದ್ಯರು ವಿಮಾನ ಬೇಡ ಎಂದಿದ್ದಾರೆ. ಮೇಸ್ತ್ರಿ, "ನಾನು ಬಂದ್ರೆ ಲೇತ್ ಯಾರು ನೋಡ್ತಾರೆ?" ಎಂದರು. ಅವರಿಗೆ ವಿಮಾನವೆಂದರೆ ಭಯ, ಅದನ್ನು ನಾವು ಯಾರೂ ಹೇಳಲಿಲ್ಲ. ಓಟಗಾರ ಹೋಗಲೇಬೇಕು. ಜೊತೆಗೆ ಮಾತಾಡುವವರು ಒಬ್ಬರು ಬೇಕು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಆಗಲೇ ಪೆಟ್ಟಿಗೆಗಳ ಪಟ್ಟಿ ಬರೆಯುತ್ತಿದ್ದೆ.

ಅಕ್ಕ ನನ್ನ ಹಳೆಯ ಉಣ್ಣೆಯ ಸ್ವೆಟರಿನ ತೂತು ಹೊಲಿಯುತ್ತಾ ಕೇಳಿದಳು: "ಫೋನ್ ಎತ್ತು ಹೋಗು ಅಂದ್ರೆ ವಿಮಾನ ಹತ್ತಿ ಹೊರಟೆಯಲ್ಲೇ?"

ಜೂನ್ 23, ಸೋಮವಾರ

ವಿಮಾನದಲ್ಲಿ ಬರೆಯುತ್ತಿದ್ದೇನೆ. ತಪಾಸಣೆಯಲ್ಲಿ ಓಟಗಾರನ ಕಾಲಿಗೆ ಯಂತ್ರ ಕೂಗಿತು. ಚೀಲ ತೆರೆದರೆ ಒಳಗೆ ಇನ್ನೂ ಇಪ್ಪತ್ತು. ಅಧಿಕಾರಿಣಿ ಬೆಚ್ಚಿದಳು. "ಬದಲಿಗೆ ಇರಲಿ ಅಂತ ತಂದಿದ್ದೀನಿ" ಎಂದ ಇವನು.

ಕಿಟಕಿಯ ಕೆಳಗೆ ಮೂರು ಗಂಟೆಯಿಂದ ಸಮುದ್ರ. ಮುಗಿಯುವುದೇ ಇಲ್ಲ. ಇದರ ಅಡಿಯಲ್ಲೇ ನಮ್ಮ ತಂತಿಗಳು ಹಾದುಹೋಗಿದ್ದವು. ನಾನು ಒಂದು ಗುಂಡಿ ಒತ್ತಿ ಮಾತನ್ನು ಆಚೆ ದಡಕ್ಕೆ ದಾಟಿಸುತ್ತಿದ್ದೆ. ಇಷ್ಟು ನೀರು ಎಂದು ಗೊತ್ತಿದ್ದರೆ ಪ್ರತಿ ಸಲವೂ ಎದ್ದು ನಿಂತು ಒತ್ತುತ್ತಿದ್ದೆನೇನೋ.

ಜೂನ್ 26, ಗುರುವಾರ

ಚಿಕಿತ್ಸಾಲಯ ಎಂದರೆ ಎರಡು ಕೋಣೆ, ಒಂದು ಕಬ್ಬಿಣದ ಒಲೆ. ದನಿ ಕೇಳಿ ನರ್ಸ್ ಎತ್ತರದ, ತೆಳ್ಳಗಿನ ಹೆಂಗಸು ಎಂದುಕೊಂಡಿದ್ದೆ. ನನ್ನ ಹೆಗಲಿಗೂ ಬರುವುದಿಲ್ಲ, ಗುಂಡಗಿದ್ದಾಳೆ. ಅವಳೂ ನನ್ನನ್ನು ನೋಡಿ, "ನೀವು ಚಿಕ್ಕ ವಯಸ್ಸಿನವರು ಅಂದ್ಕೊಂಡಿದ್ದೆ" ಎಂದಳು. ಇಬ್ಬರೂ ಕೈ ಹಿಡಿದುಕೊಂಡು ನಿಂತುಬಿಟ್ಟೆವು.

ಬೆಳಿಗ್ಗೆ ಅವರೆಲ್ಲ ಬಂದರು. ಬೆಟ್ಟದ ನಾಲ್ಕೂ ಕಡೆಯಿಂದ, ಮಂಜು ಸೀಳಿಕೊಂಡು, ಒಬ್ಬೊಬ್ಬರಾಗಿ, ನಡೆದು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪ್ರತಿಯೊಬ್ಬರ ಮಂಡಿಗೂ ಒಂದೊಂದು ಉಣ್ಣೆಯ ಕವಚ, ಮನೆಯಲ್ಲೇ ಹೆಣೆದದ್ದು. ಒಂದು ಕೆಂಪು, ಒಂದು ಪಟ್ಟೆಪಟ್ಟೆ, ಒಂದಕ್ಕೆ ಗುಂಡಿಗಳು. ಪುಟ್ಟಿಯ ಚಿತ್ರದಲ್ಲಿ, ಅಳತೆಯಲ್ಲಿ, ಅರ್ಜಿಯಲ್ಲಿ ಮಂಡಿಗಳನ್ನು ಸಾಕಷ್ಟು ನೋಡಿದ್ದೇನೆ. ಉಡುಪು ತೊಟ್ಟ ಮಂಡಿಯನ್ನು ನೋಡಿರಲಿಲ್ಲ.

ಹಳೆಯದು ಬಿಚ್ಚಿ ಹೊಸದು ಹಾಕುವುದು ಓಟಗಾರನ ಕೆಲಸ. ಒಬ್ಬ ಕುರಿಗಾಹಿ ಮುದುಕ ಮಾತ್ರ ಒಪ್ಪಲಿಲ್ಲ. ಹಳೆಯದಕ್ಕೆ ತನ್ನ ನಡಿಗೆ ಅಭ್ಯಾಸವಾಗಿದೆಯಂತೆ, ಅದನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತದಂತೆ. ಓಟಗಾರ ಏನೂ ವಾದಿಸದೆ ತನ್ನ ಪ್ಯಾಂಟನ್ನು ತೊಡೆವರೆಗೆ ಮಡಚಿ, ಆ ಚಳಿಯಲ್ಲಿ ಹೊರಗೆ ಹೋಗಿ, ಇಳಿಜಾರಿನಲ್ಲಿ ಹತ್ತಿ ಇಳಿದು, ಕೊನೆಗೆ ಒಂದಿಷ್ಟು ದೂರ ಓಡಿದ. ನಿಜವಾಗಿಯೂ ಓಡಿದ. ನಾವು ಯಾರೂ ಅವನು ಓಡಿದ್ದನ್ನು ಕಂಡಿರಲಿಲ್ಲ, ಅವನೂ ಕಂಡಿರಲಿಲ್ಲ. ತಿರುಗಿ ಬಂದವನ ಬಾಯಲ್ಲಿ ಒಂದೂ ತಮಾಷೆಯ ಮಾತಿಲ್ಲ. ಮುದುಕ ಅವನನ್ನೇ ನೋಡಿ, ತನ್ನ ಕವಚದ ಗಂಟು ಬಿಚ್ಚತೊಡಗಿದ.

ಮಧ್ಯಾಹ್ನ ಪುಟ್ಟಿ ಫೋನು ಮಾಡಿದಳು. ಇನ್ನೂ ಎರಡು ದೇಶಗಳಿಂದ ಪತ್ರ ಬಂದಿದೆಯಂತೆ, ಒಂದು ಮರಳುಗಾಡು, ಒಂದು ದ್ವೀಪ. "ಏನು ಹೇಳ್ಲಿ ಚಿಕ್ಕಮ್ಮ?"

"ಕಳಿಸೋ ಮೊದಲು ಬಂದು ನೋಡ್ತೀವಿ ಅಂತ ಹೇಳು" ಎಂದೆ. "ನಮಗೆ ಮರಳಿನ ವಿಷಯ ಏನೂ ಗೊತ್ತಿಲ್ಲ."

ಜೂನ್ 28, ಶನಿವಾರ

ಅಂಚೆಯವಳು ಮೊನ್ನೆ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ನಾವೇ ಅವಳ ಮನೆಗೆ ಹೋದೆವು.

ಹೇಳಬೇಕಾದ್ದನ್ನು ವಿಮಾನದಿಂದಲೂ ಉರು ಹಾಕಿದ್ದೆ. ತಪ್ಪು ನಮ್ಮದು, ಚಳಿಯನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ, ನಿಮಗೆ ಆದ ನೋವಿಗೆ ಕ್ಷಮಿಸಿ. ನರ್ಸ್ ಅದನ್ನು ಅವರ ಭಾಷೆಯಲ್ಲಿ ಹೇಳುತ್ತಿರುವಾಗಲೇ ಅವಳು ನಡುವೆ ಏನೋ ಕೇಳಿದಳು.

"ನೀವು ಒಟ್ಟು ಎಷ್ಟು ಜನ ಅಂತ ಕೇಳ್ತಿದ್ದಾಳೆ" ಎಂದಳು ನರ್ಸ್.

"ನಾಲ್ಕು."

ಅಂಚೆಯವಳು ನಂಬದೆ ನಾಲ್ಕು ಬೆರಳು ಎತ್ತಿ ತೋರಿಸಿದಳು. ನಾನು ತಲೆಯಾಡಿಸಿದೆ. ಆಮೇಲೆ ಅವಳು ಹೇಳಿದ್ದು ಇಷ್ಟು: "ದೊಡ್ಡ ಕಾರ್ಖಾನೆ ಅಂದ್ಕೊಂಡಿದ್ದೆ. ಅಷ್ಟು ದೊಡ್ಡದನ್ನ ಬೈಯೋದು ಹೇಗೆ, ಅದು ಯಾವ ದಿಕ್ಕಲ್ಲಿದೆ ಅಂತಾನೇ ಗೊತ್ತಿಲ್ಲ. ನಾಲ್ಕೇ ಜನ ಆದ್ರೆ ಬೈಬಹುದು."

ಬೈದಳು. ನಿಂತುಕೊಂಡು ಬೈದಳು, ಕೂತು ಬೈದಳು, ಭುಜ ತೋರಿಸಿ ಬೈದಳು. ನರ್ಸ್ ಅರ್ಧಕ್ಕೇ ಅನುವಾದ ಬಿಟ್ಟಳು, ಬೇಕಾಗಿಯೂ ಇರಲಿಲ್ಲ. ಬೈಗುಳದ ಏರಿಳಿತ ಎಲ್ಲ ಭಾಷೆಯಲ್ಲೂ ಒಂದೇ. ನಾನು ತಲೆ ತಗ್ಗಿಸದೆ ಪೂರ್ತಿ ಕೇಳಿಸಿಕೊಂಡೆ. ಮುಗಿದ ಮೇಲೆ ಅವಳ ಉಸಿರು ಹಗುರವಾಯಿತು. ಬಿಸಿಯಾಗಿ ಏನೋ ಕುಡಿಯಲು ಕೊಟ್ಟು, ಹೊಸ ಮಂಡಿಗೆ ಕೈ ಚಾಚಿದಳು.

ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ನಡೆದಳು. ಒಳಗೆ ಹೋಗಿ ಚೀಲ ತಂದಳು. ಎರಡು ತಿಂಗಳಿಂದ ಹಂಚದೆ ಉಳಿದ ಕಾಗದಗಳು, ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಮೇಲೆ ಏಳು ಮನೆಗಳಿವೆ, ಒಂದಕ್ಕಿಂತ ಒಂದು ಎತ್ತರದಲ್ಲಿ. ಅವರೆಲ್ಲ ಕಾಗದಕ್ಕಾಗಿ ಇಷ್ಟು ಕೆಳಗೆ ಬರಲಾಗದವರಂತೆ. ಓಟಗಾರ ಜೊತೆಗೆ ಹೊರಟ. ಬೇಡ ಎಂದು ಕೈಯಾಡಿಸಿದಳು. ಇಪ್ಪತ್ತು ಹೆಜ್ಜೆಗೆ ಮೋಡ ಅವಳನ್ನು ನುಂಗಿತು.

ಕಾಣುವುದಿಲ್ಲವಲ್ಲ ಎಂದು ನಾನು ಚಡಪಡಿಸುತ್ತಿದ್ದಾಗ ಮೇಲೆಲ್ಲೋ ಒಂದು ನಾಯಿ ಬೊಗಳಿತು. "ಮೊದಲನೇ ಮನೆ" ಎಂದಳು ನರ್ಸ್. ಸ್ವಲ್ಪ ಹೊತ್ತಿಗೆ ಅದಕ್ಕೂ ಮೇಲಿನಿಂದ ಇನ್ನೊಂದು ನಾಯಿ, ಸಣ್ಣ ದನಿಯದು. ಆಮೇಲೆ ಮೂರನೇ ಮನೆಯಲ್ಲಿ ಎರಡು ಒಟ್ಟಿಗೆ. ನಾನು ಕಣ್ಣು ಮುಚ್ಚಿಕೊಂಡೆ. ಇಡೀ ಬೆಟ್ಟ ಕಿವಿಯೊಳಗೆ ಎದ್ದು ನಿಂತಿತು, ಅದರ ಮೈ ಮೇಲೆ ಒಬ್ಬ ಹೆಂಗಸು ಹತ್ತುತ್ತಿದ್ದಳು. ನಾಲ್ಕು. ಐದು. ಆರನೆಯ ಮನೆಯ ನಾಯಿ ಎಷ್ಟು ಮೇಲಿತ್ತೆಂದರೆ ಆಕಾಶದಲ್ಲೇ ಬೊಗಳಿದ ಹಾಗಿತ್ತು.

"ಏಳನೆಯದು ನೇಯುವವಳ ಮನೆ" ಎಂದಳು ನರ್ಸ್. "ಅಲ್ಲಿ ನಾಯಿ ಇಲ್ಲ."

ಕಾದೆವು. ಓಟಗಾರ ಅಲ್ಲಾಡದೆ ಮೋಡವನ್ನೇ ನೋಡುತ್ತಿದ್ದ. ಗಾಳಿ ನಿಂತಿತ್ತು. ಇಷ್ಟು ಹೊತ್ತು ಬೇಕೇ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ, ತುಂಬ ಮೇಲಿನಿಂದ, ಒಬ್ಬ ಹೆಂಗಸು ಗಂಟಲು ಬಿರಿಯುವ ಹಾಗೆ ಒಂದೇ ಒಂದು ಶಬ್ದವನ್ನು ಉದ್ದಕ್ಕೆ ಎಳೆದು ಕೂಗಿದಳು.

ನರ್ಸ್ ಕಡೆ ತಿರುಗಿದೆ. "ಏನದು? ಏನಂದಳು?"

ನರ್ಸ್ ಕೋಟಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಏನಿಲ್ಲ" ಎಂದಳು. "'ಅಂಚೆ!' ಅಂತ ಅವಳೇ ಕೂಗಿದ್ದು, ಅಷ್ಟೇ."